ಸುದ್ದಿಗೆ ಬೀಗ ಹಾಕುವುದು ಇಂಟರ್ನೆಟ್ ಕಾಲದ ಹೊಸ ರೋಗವೇ? ಮೈಸೂರಿನ ತಾತಯ್ಯನವರ ಕಥೆ ಓದಿ

ಸರ್ಕಾರ ಸುದ್ದಿಯ ಬಾಯಿ ಕಟ್ಟುವುದೆಲ್ಲ ಮೊಬೈಲ್ ಬಂದ ಮೇಲೆ ಶುರುವಾದದ್ದು, ರಾಜರ ಕಾಲದಲ್ಲಿ ಪತ್ರಿಕೆಗಳಿಗೆ ಅಡ್ಡಿಯೇ ಇರಲಿಲ್ಲ ಎಂದು ನಂಬುವವರಿದ್ದಾರೆ. ಅವರಿಗಾಗಿ ನಾವು ಒಬ್ಬ ಮೇಷ್ಟರ ಕಥೆ ಹೇಳುತ್ತೇವೆ.

ಎಂ. ವೆಂಕಟಕೃಷ್ಣಯ್ಯ ಹುಟ್ಟಿದ್ದು 1844ರಲ್ಲಿ. ಮೈಸೂರಿನ ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದರು, ದಿಕ್ಕಿಲ್ಲದ ಮಕ್ಕಳಿಗೆ ಅನಾಥಾಲಯ ಕಟ್ಟಿದರು. ಊರಿಗೆ ಅವರು ತಾತಯ್ಯ. ಪಾಠದ ಜೊತೆಗೆ ಪತ್ರಿಕೆಯನ್ನೂ ನಡೆಸಿದರು: ವೃತ್ತಾಂತ ಚಿಂತಾಮಣಿ, ಸಾಧ್ವಿ, ಇಂಗ್ಲಿಷಿನಲ್ಲಿ ಮೈಸೂರ್ ಹೆರಾಲ್ಡ್. ಅಧಿಕಾರಿಗಳು ತಪ್ಪಿದ ಕಡೆ ಮುಲಾಜಿಲ್ಲದೆ ಬರೆಯುತ್ತಿದ್ದರು.

1908ರಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪತ್ರಿಕಾ ಕಾಯ್ದೆ ತಂದಿತು. ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕು. ಕೊಟ್ಟ ಅನುಮತಿಯನ್ನು ಸರ್ಕಾರ ಕಿತ್ತುಕೊಂಡರೆ ಕೋರ್ಟಿಗೆ ಹೋಗುವ ದಾರಿಯೂ ಇಲ್ಲ. ಆಗ ತಾತಯ್ಯನವರಿಗೆ ಅರವತ್ತು ದಾಟಿತ್ತು. ಹೊಂದಿಕೊಂಡು ಬರೆದುಕೊಂಡಿರಬಹುದಿತ್ತು. ಅವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಟ್ಟರು. ನಮಗೆ ಇದು ಸಣ್ಣ ಮಾತಲ್ಲ. ಪತ್ರಿಕೆಯೇ ಅವರ ದನಿಯಾಗಿತ್ತು.

ಈ ಕಾಯ್ದೆ ಎಲ್ಲಿಯವರೆಗೆ ನಡೆಯುತ್ತಿತ್ತು ಗೊತ್ತೇ? ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿಗೆ ಸೇರಿತ್ತು, ಅಲ್ಲಿ ನಡೆಯುತ್ತಿತ್ತು. ಪಕ್ಕದ ಕುಂತೂರು ಕೊಳ್ಳೇಗಾಲ ತಾಲ್ಲೂಕಿನದು; ಕೊಳ್ಳೇಗಾಲವೋ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರವರೆಗೂ ಮೈಸೂರಿಗೆ ಸೇರಿರಲಿಲ್ಲ. ಹಾಗಂತ ಕುಂತೂರಿನವರು ಪಾರಾದರೆಂದಲ್ಲ. ಮೈಸೂರಿನ ಪತ್ರಿಕೆ ನಿಂತರೆ ಅಲ್ಲಿನ ಓದುಗನಿಗೂ ನಿಂತಂತೆಯೇ. 1910ರಲ್ಲಿ ಬ್ರಿಟಿಷರೂ ತಮ್ಮದೇ ಪ್ರೆಸ್ ಕಾಯ್ದೆ ತಂದು, ಹೊಸ ಅಚ್ಚುಕೂಟದವರಿಂದ 500ರಿಂದ 2,000 ರೂಪಾಯಿ ಠೇವಣಿ ಕೇಳಿದರು. ಆ ಕಾಲಕ್ಕೆ ಅದು ದೊಡ್ಡ ಗಂಟು.

ಇವತ್ತು ಐಟಿ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ವೆಬ್‌ಸೈಟ್, ಪೋಸ್ಟ್‌ಗಳನ್ನು ತಡೆಯಬಹುದು. ಕಾರಣವನ್ನು ಬರೆದಿಡಲೇಬೇಕು, ಆದರೆ 2009ರ ನಿಯಮಗಳು ಆ ದೂರು, ಕ್ರಮಗಳನ್ನು ಗುಟ್ಟಾಗಿಡಲು ಹೇಳುತ್ತವೆ. ಹಾಗಾಗಿ ಒಂದು ಪುಟ ತೆರೆಯದಿದ್ದರೆ ಏಕೆಂದು ನಮಗೆ ತಿಳಿಯದೆಯೂ ಹೋಗಬಹುದು. ತಾತಯ್ಯನವರ ಕಾಲಕ್ಕೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಂತೂ ಇದೆ: ಈಗ ಕೋರ್ಟಿಗೆ ಹೋಗಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಅದೇ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು; 69ಎ ಮಾತ್ರ ಉಳಿಯಿತು.

ತಾತಯ್ಯನವರು ಮುಂದೆ ಮತ್ತೆ ಪತ್ರಿಕೆಯ ಕೆಲಸಕ್ಕೆ ಮರಳಿದರು. 1933ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.