ನೀರಿಗೆ ಗೇರಿನ ಕೆಲಸ ಕೊಟ್ಟ ಹರ್ಮನ್ ಫೋಟಿಂಗರ್

ಆಟೋಮ್ಯಾಟಿಕ್ ಕಾರು ಓಡಿಸಿದವರು ಯಾರಿದ್ದೀರಿ ಅಂತ ನಮ್ಮ ಕ್ಲಾಸಿನಲ್ಲಿ ಕೇಳಿದರೆ ಕೈ ಎತ್ತೋರು ಕಡಿಮೆ. ಆದರೆ ಬೀದರ್, ಭಾಲ್ಕಿ, ಔರಾದ್ ಕಡೆಯವರಲ್ಲಿ ಜೆಸಿಬಿ ನೋಡದವರು ಒಬ್ಬರೂ ಇರಲಿಕ್ಕಿಲ್ಲ. ಹೊಲದ ಬದು ಹಾಕೋದಿರಲಿ, ಮೋರಿ ತೋಡೋದಿರಲಿ, ಕೆರೆ ಹೂಳು ತೆಗೆಯೋದಿರಲಿ, ಅದೇ ಬೇಕು. ಮುಂದಿನ ಸಲ ಸ್ವಲ್ಪ ನಿಂತು ಗಮನಿಸಿ ನೋಡ್ರಿ. ಮುಂದಿನ ಬಕೆಟ್ಟು ಮಣ್ಣಿನ ಗುಡ್ಡೆಗೆ ಹೊಕ್ಕಾಗ ಗಾಲಿಗಳು ನಿಂತೇ ಬಿಡ್ತಾವ, ಎಂಜಿನ್ ಮಾತ್ರ ಬಂದ್ ಆಗೋದಿಲ್ಲ. ಗುರುಗುಟ್ಟುತ್ತ ಇನ್ನೂ ಜೋರಾಗಿ ದಬ್ಬುತ್ತದೆ. ಅದೇ ನಮ್ಮ ಬೈಕನ್ನು ಗೇರಿನಲ್ಲಿಟ್ಟು ಕ್ಲಚ್ ಹಿಡಿಯದೆ ಹೀಗೆ ತಡೆದರೆ ಎಂಜಿನ್ ಅಲ್ಲೇ ಬಂದ್.

ಈ ವ್ಯತ್ಯಾಸಕ್ಕೆ ಕಾರಣ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್. ಕಬ್ಬಿಣಕ್ಕೆ ಕಬ್ಬಿಣ ತಾಗದೆ, ನಡುವಿನ ಎಣ್ಣೆಯೇ ಶಕ್ತಿಯನ್ನು ಹೊತ್ತು ದಾಟಿಸುವ ಯಂತ್ರ ಅದು. ನಾವು ಪರೀಕ್ಷೆಗೆ ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ತಗೋತೀವಿ. ಅದನ್ನು ಯೋಚಿಸಿದವರ ಹೆಸರು ಮಾತ್ರ ನಮಗೆ ಗೊತ್ತಿರೋದಿಲ್ಲ. ಜರ್ಮನಿಯಲ್ಲಿ ಈಗಲೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರೇ ಹರ್ಮನ್ ಫೋಟಿಂಗರ್.

ನ್ಯೂರೆಂಬರ್ಗ್‌ನಿಂದ ಹಡಗುಕಟ್ಟೆಗೆ

ಫೋಟಿಂಗರ್ ಹುಟ್ಟಿದ್ದು 1877ರ ಫೆಬ್ರವರಿ 9ರಂದು, ದಕ್ಷಿಣ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. 1895ರಿಂದ 1899ರವರೆಗೆ ಮ್ಯೂನಿಕ್‌ನಲ್ಲಿ ಓದಿದರು. ಓದಿದ್ದು ಯಾವ ಬ್ರಾಂಚ್ ಅಂತೀರಿ? ಎಲೆಕ್ಟ್ರಿಕಲ್! ಮೆಕ್ಯಾನಿಕಲ್‌ನವರು ತಮ್ಮದೇ ಅಂತ ಹೇಳಿಕೊಳ್ಳುವ ಯಂತ್ರವನ್ನು ಕೊಟ್ಟಿದ್ದು ಎಲೆಕ್ಟ್ರಿಕಲ್ ಓದಿದವರು ಅನ್ನೋದು ನಮ್ಮ ಹಾಸ್ಟೆಲ್ ಜಗಳಕ್ಕೆ ಒಳ್ಳೆ ಸರಕು.

ಓದು ಮುಗಿದ ಕೂಡಲೇ ಸ್ಟೆಟ್ಟಿನ್ ಊರಿನ ವಲ್ಕನ್ ಹಡಗುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ವಲ್ಕನ್ ಸಣ್ಣ ಕಂಪನಿಯೇನಲ್ಲ. ಅಟ್ಲಾಂಟಿಕ್ ಸಾಗರವನ್ನು ಅತಿ ವೇಗವಾಗಿ ದಾಟಿ ಹೆಸರು ಮಾಡಿದ ಕೈಸರ್ ವಿಲ್ಹೆಲ್ಮ್ ಡೆರ್ ಗ್ರೋಸೆ ಎಂಬ ದೊಡ್ಡ ಹಡಗು 1897ರಲ್ಲಿ ಅಲ್ಲಿಯೇ ನೀರಿಗಿಳಿದಿತ್ತು.

ಅಲ್ಲಿ ಅವರು ಮೊದಲು ಹಿಡಿದ ಕೆಲಸ ಅಳತೆಯದ್ದು. ಎಂಜಿನ್ ಕೊಟ್ಟ ಶಕ್ತಿಯಲ್ಲಿ ಹಡಗಿನ ಪ್ರೊಪೆಲ್ಲರಿಗೆ ನಿಜವಾಗಿ ಎಷ್ಟು ಮುಟ್ಟುತ್ತದೆ? ಹಡಗಿನ ಶಾಫ್ಟ್ ಎಷ್ಟೇ ದಪ್ಪವಿದ್ದರೂ ಭಾರ ಬಿದ್ದಾಗ ಕೂದಲೆಳೆಯಷ್ಟು ತಿರುಚುತ್ತದೆ. ಆ ತಿರುಚಿನ ಕೋನ ಅಳೆದರೆ ಟಾರ್ಕ್ ಸಿಗುತ್ತದೆ, ಅದನ್ನು ವೇಗದ ಜೊತೆ ಗುಣಿಸಿದರೆ ಶಕ್ತಿ ಸಿಗುತ್ತದೆ. ನಮ್ಮ ಲ್ಯಾಬಿನ ಟಾರ್ಷನ್ ಪ್ರಯೋಗವೇ ಇದು, ಹಡಗಿನಷ್ಟು ದೊಡ್ಡದು ಅಷ್ಟೇ. ಇದಕ್ಕಾಗಿ ಅವರು ಒಂದು ಟಾರ್ಷನ್ ಅಳತೆಯ ಉಪಕರಣವನ್ನೇ ಮಾಡಿದರು. ಎಲ್ಲಿ ಎಷ್ಟು ಶಕ್ತಿ ಸೋರುತ್ತದೆ ಅಂತ ಲೆಕ್ಕ ಹಿಡಿಯುವ ಈ ಅಭ್ಯಾಸ ಮುಂದೆ ಅವರಿಗೆ ಬಹಳ ಉಪಯೋಗಕ್ಕೆ ಬಂತು.

ಪೈಪು ತೆಗೆದರೆ ಉಳಿಯೋದೇನು?

ಆ ಹೊತ್ತಿಗೆ ಹಡಗುಗಳಿಗೆ ಸ್ಟೀಮ್ ಟರ್ಬೈನ್ ಬರತೊಡಗಿತ್ತು. ತೊಂದರೆ ಏನಂದ್ರೆ, ಟರ್ಬೈನ್ ಚೆನ್ನಾಗಿ ಕೆಲಸ ಮಾಡೋದು ಬಹಳ ವೇಗವಾಗಿ ತಿರುಗಿದಾಗ, ಪ್ರೊಪೆಲ್ಲರ್ ಚೆನ್ನಾಗಿ ಕೆಲಸ ಮಾಡೋದು ನಿಧಾನವಾಗಿ ತಿರುಗಿದಾಗ. ಇಬ್ಬರನ್ನೂ ಒಂದೇ ಶಾಫ್ಟಿಗೆ ಕಟ್ಟಿದರೆ ಇಬ್ಬರಿಗೂ ನಷ್ಟ. ಮೇಲಾಗಿ ಟರ್ಬೈನ್ ಉಲ್ಟಾ ತಿರುಗೋದಿಲ್ಲ, ಹಡಗಿಗೆ ರಿವರ್ಸ್ ಬೇಕೇ ಬೇಕು. ಅಷ್ಟು ಶಕ್ತಿ ತಡೆಯುವ ಗೇರುಗಳನ್ನು ನಿಖರವಾಗಿ ಕಡಿಯುವ ಕೆಲಸ ಆಗಿನ್ನೂ ಪಳಗಿರಲಿಲ್ಲ.

ಎಲೆಕ್ಟ್ರಿಕಲ್ ಓದಿದ ಫೋಟಿಂಗರ್ ಮೊದಲು ವಿದ್ಯುತ್ ದಾರಿ ಯೋಚಿಸಿದರು: ಟರ್ಬೈನಿಗೆ ಜನರೇಟರ್, ಪ್ರೊಪೆಲ್ಲರಿಗೆ ಮೋಟಾರ್. ಅದು ಭಾರ, ಖರ್ಚೂ ಜಾಸ್ತಿ. ಆಮೇಲೆ ಅದೇ ಯೋಚನೆಯನ್ನು ನೀರಿಗೆ ಇಳಿಸಿದರು. ಜನರೇಟರ್ ಜಾಗದಲ್ಲಿ ಪಂಪು, ಮೋಟಾರ್ ಜಾಗದಲ್ಲಿ ನೀರಿನ ಟರ್ಬೈನ್, ನಡುವೆ ಪೈಪು. ಆದರೆ ಪಂಪಿನಲ್ಲಿ ಸ್ವಲ್ಪ, ಪೈಪಿನಲ್ಲಿ ಸ್ವಲ್ಪ, ಟರ್ಬೈನಿನಲ್ಲಿ ಸ್ವಲ್ಪ ಅಂತ ಸೋರಿ ಕೊನೆಗೆ ಕೈಗೆ ಸಿಗೋದು ಕಡಿಮೆ.

ಇಲ್ಲಿ ಅವರು ಇಟ್ಟ ಹೆಜ್ಜೆ ನೋಡ್ರಿ. ಪಂಪಿನಿಂದ ಹೊರಬಿದ್ದ ನೀರಿಗೆ ಇರುವ ವೇಗವನ್ನು ತಗ್ಗಿಸಿ ಪೈಪಿಗೆ ಹಾಕೋದು, ಮತ್ತೆ ವೇಗ ಕೊಟ್ಟು ಟರ್ಬೈನಿಗೆ ಬಿಡೋದು ಯಾಕೆ? ಪೈಪನ್ನೇ ತೆಗೆದುಹಾಕಿ, ಪಂಪಿನ ಚಕ್ರವನ್ನೂ ಟರ್ಬೈನಿನ ಚಕ್ರವನ್ನೂ ಎದುರುಬದುರಾಗಿ ಒಂದೇ ಡಬ್ಬಿಯಲ್ಲಿ ಕೂಡಿಸಿದರು. ಇದರಿಂದ ಹೊರಟ ನೀರು ನೇರ ಅದಕ್ಕೆ ಹೊಡೆದು, ಸುತ್ತಿ ವಾಪಸ್ ಬರುತ್ತದೆ. ವಾಪಸ್ ಬರುವ ದಾರಿಯಲ್ಲಿ ಅಲ್ಲಾಡದ ಮೂರನೇ ಚಕ್ರವೊಂದನ್ನು ಇಟ್ಟರು. ನೀರಿನ ದಿಕ್ಕು ತಿರುಗಿಸುವ ಅದನ್ನೇ ನಾವು ಸ್ಟೇಟರ್ ಅಂತೀವಿ. ದಿಕ್ಕು ತಿರುಗಿಸುವಾಗ ಸ್ಟೇಟರ್ ತಡೆದುಕೊಳ್ಳುವ ಬಲ ಲೆಕ್ಕಕ್ಕೆ ಸೇರೋದರಿಂದ ಟರ್ಬೈನಿಗೆ ಸಿಗುವ ಟಾರ್ಕ್ ಪಂಪಿನ ಟಾರ್ಕಿಗಿಂತ ಹೆಚ್ಚಾಗುತ್ತದೆ. ಸ್ಟೇಟರ್ ಇಲ್ಲದಿದ್ದರೆ ಅದು ಬರೀ ಫ್ಲೂಯಿಡ್ ಕಪ್ಲಿಂಗ್, ಎಷ್ಟು ಟಾರ್ಕ್ ಹೋಗುತ್ತದೋ ಅಷ್ಟೇ ಬರುತ್ತದೆ. ಪೇಟೆಂಟ್ ಅರ್ಜಿ ಹಾಕಿದ್ದು 1905ರ ಜೂನ್ 24ರಂದು. ಆಗ ಅವರ ವಯಸ್ಸು 28.

ಗೆದ್ದ ಯಂತ್ರ, ಸೋತ ಜಾಗ

1909ರ ಹೊತ್ತಿಗೆ ಒಂದು ಪರೀಕ್ಷಾ ಹಡಗಿನಲ್ಲಿ ಅದು ಕೆಲಸ ಮಾಡಿ ತೋರಿಸಿತು. 1913ರಲ್ಲಿ ವಲ್ಕನ್ ಕಟ್ಟಿದ ಕೋನಿಗಿನ್ ಲೂಯಿಸೆ ಎಂಬ ಪ್ರಯಾಣಿಕರ ಹಡಗಿನಲ್ಲೂ ಅದನ್ನೇ ಕೂಡಿಸಿದರು. ಮರುವರ್ಷ ಮಹಾಯುದ್ಧ ಶುರುವಾಯಿತು. ಪ್ರವಾಸಿಗರನ್ನು ಹೊತ್ತೊಯ್ಯಬೇಕಿದ್ದ ಆ ಹಡಗಿಗೆ ಸಮುದ್ರದಲ್ಲಿ ಮೈನ್ ಬಿತ್ತುವ ಕೆಲಸ ಬಿತ್ತು. 1914ರ ಆಗಸ್ಟ್ 5ರಂದು, ಬ್ರಿಟನ್ ಯುದ್ಧ ಸಾರಿದ ಮರುದಿನವೇ, ಬ್ರಿಟಿಷ್ ನೌಕೆಗಳು ಅದನ್ನು ಮುಳುಗಿಸಿದವು. ಅದು ಬಿತ್ತಿ ಹೋಗಿದ್ದ ಮೈನಿಗೆ ಸಿಕ್ಕು ಆಂಫಿಯನ್ ಎಂಬ ಬ್ರಿಟಿಷ್ ನೌಕೆ ಮರುದಿನ ಮುಳುಗಿತು. ನಾವು ಮಾಡಿದ ಯಂತ್ರ ಯಾರ ಕೈಗೆ ಹೋಗಿ ಏನು ಮಾಡುತ್ತದೆ ಅನ್ನೋದು ಡ್ರಾಯಿಂಗ್ ಶೀಟಿನಲ್ಲಿ ಇರೋದಿಲ್ಲ.

ಹಡಗಿನಲ್ಲಿ ಫೋಟಿಂಗರ್ ಯಂತ್ರ ಹೆಚ್ಚು ದಿನ ನಿಲ್ಲಲಿಲ್ಲ. ಅದಕ್ಕೆ ಕಾರಣ ಯುದ್ಧವಲ್ಲ, ಲೆಕ್ಕ. ಎಷ್ಟೇ ಸುಧಾರಿಸಿದರೂ ಸುಮಾರು ಶೇಕಡಾ 10ರಷ್ಟು ಶಕ್ತಿ ನೀರಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಬಿಸಿಯಾದ ಆ ನೀರನ್ನು ಬಾಯ್ಲರಿಗೆ ಕಳಿಸಿ ಸ್ವಲ್ಪ ವಾಪಸ್ ಪಡೆಯುವ ಜಾಣತನವೂ ಇತ್ತು. ಆದರೆ ಅಷ್ಟರಲ್ಲಿ ನಿಖರವಾದ ಗೇರುಗಳು ಬಂದವು, ಅವುಗಳಲ್ಲಿ ನಷ್ಟ ಶೇಕಡಾ ಎರಡರ ಆಸುಪಾಸು. ಹಡಗಿನವರು ಗೇರಿನ ಕಡೆ ಹೋದರು.

ಫೋಟಿಂಗರ್ 1909ರಲ್ಲೇ ಡಾನ್‌ಜಿಗ್ ತಾಂತ್ರಿಕ ಕಾಲೇಜಿಗೆ ಪ್ರೊಫೆಸರ್ ಆಗಿ ಹೋಗಿದ್ದರು. 1924ರಲ್ಲಿ ಬರ್ಲಿನ್ ತಾಂತ್ರಿಕ ಕಾಲೇಜಿಗೆ ಬಂದರು. ದ್ರವಗಳ ಹರಿವು, ಸುಳಿಗಳು, ಪ್ರೊಪೆಲ್ಲರನ್ನು ಕೊರೆದು ಹಾಕುವ ಕ್ಯಾವಿಟೇಷನ್ ಇವೇ ಅವರ ಮುಂದಿನ ಕೆಲಸ. ನೂರಕ್ಕೂ ಹೆಚ್ಚು ಪೇಟೆಂಟುಗಳು ಅವರ ಹೆಸರಿನಲ್ಲಿವೆ. 1945ರ ಏಪ್ರಿಲ್ ಕೊನೆಯಲ್ಲಿ ಸೋವಿಯತ್ ಸೇನೆ ಬರ್ಲಿನ್ ಒಳಗೆ ನುಗ್ಗಿದಾಗ, ಊರಿನ ಮೇಲೆ ಬೀಳುತ್ತಿದ್ದ ಶೆಲ್ಲಿನ ಚೂರು ತಾಗಿ ಅವರು ತೀರಿಕೊಂಡರು. ವಯಸ್ಸು 68. ಯುರೋಪಿನ ಯುದ್ಧ ಮುಗಿಯೋದಕ್ಕೆ ಹತ್ತು ಹನ್ನೆರಡು ದಿನ ಮಾತ್ರ ಉಳಿದಿತ್ತು.

ಹಡಗು ಬೇಡ ಅಂದದ್ದನ್ನು ರಸ್ತೆ ಕರೆದುಕೊಂಡಿತು. ಎಂಜಿನ್ನಿನ ಅಲುಗಾಟವನ್ನು ದ್ರವ ನುಂಗಿಬಿಡುತ್ತದೆ, ನಿಂತಲ್ಲಿಂದ ಮೆತ್ತಗೆ ಎಳೆಯುತ್ತದೆ. ಗೇರುಗಳಿಗೆ ಇಲ್ಲದ ಗುಣ ಇದು. 1928ರಲ್ಲಿ ಕಾರ್ಲ್ಸ್‌ರೂಹೆಯ ಎಂಜಿನಿಯರುಗಳು ಸ್ಟೇಟರನ್ನು ಒಂದೇ ಕಡೆ ತಿರುಗುವ ಫ್ರೀವೀಲ್ ಮೇಲೆ ಕೂಡಿಸಿದರು. ವೇಗ ಬಂದ ಮೇಲೆ ಅದು ತಾನೂ ತಿರುಗಿ ದಾರಿ ಬಿಡೋದರಿಂದ ನಷ್ಟ ಇಳಿಯಿತು. 1930ರಲ್ಲಿ ಇಂಗ್ಲೆಂಡಿನ ಡೈಮ್ಲರ್ ಗಾಡಿಗಳಿಗೆ, 1932ರಲ್ಲಿ ಫೋಯ್ತ್ ಕಂಪನಿಯಿಂದ ರೈಲುಗಳಿಗೆ, 1939ರಲ್ಲಿ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ಕಾರುಗಳಿಗೆ ಈ ತತ್ವ ಬಂತು. ಟಾರ್ಕ್ ಕನ್ವರ್ಟರ್ ಇದ್ದ ಬ್ಯೂಯಿಕ್ ಡೈನಾಫ್ಲೋ ಬಂದದ್ದು 1948ರಲ್ಲಿ, ಫೋಟಿಂಗರ್ ತೀರಿಹೋಗಿ ಮೂರು ವರ್ಷಕ್ಕೆ. ನಮ್ಮ ಚಿತ್ತರಂಜನ್ ಕಾರ್ಖಾನೆಯ ಡಬ್ಲ್ಯೂಡಿಎಸ್-4 ಶಂಟಿಂಗ್ ಎಂಜಿನ್ನುಗಳೂ ಇದೇ ದ್ರವದ ಬಳಗಕ್ಕೆ ಸೇರಿದವು.

ಬೀದರ್ ಥಂಡಿಯಲ್ಲಿ ಏನಾಗ್ತದ?

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಮುಂಜಾನೆ ಎಷ್ಟೋ ಸಲ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಆಗ ಆಟೋಮ್ಯಾಟಿಕ್ ಕಾರು ಚಾಲೂ ಮಾಡಿದರೆ ಎಂಜಿನ್ ತಾನಾಗಿಯೇ ರೇಸ್ ಆದಂಗ ಕೂಗುತ್ತದೆ, ಗೇರ್ ತಡವಾಗಿ ಬೀಳುತ್ತದೆ, ಬಿದ್ದಾಗ ಜರ್ಕ್ ಬರುತ್ತದೆ. ಗೇರ್‌ಬಾಕ್ಸ್ ಹೋಯಿತು ಅಂತ ಗಾಬರಿಯಾಗಿ ದೊಡ್ಡ ಬಿಲ್ಲಿಗೆ ತಲೆ ಕೊಡೋರು ಇದ್ದಾರೆ. ಆದ್ದರಿಂದ ಇದನ್ನು ಫೋಟಿಂಗರ್ ಲೆಕ್ಕದಿಂದಲೇ ನೋಡೋಣ.

ಕನ್ವರ್ಟರ್ ದಾಟಿಸುವ ಟಾರ್ಕ್ ಮೂರನ್ನು ನಂಬಿದೆ: ದ್ರವದ ಸಾಂದ್ರತೆ, ಪಂಪಿನ ವೇಗದ ವರ್ಗ, ವ್ಯಾಸದ ಐದನೇ ಘಾತ. ಇದರಲ್ಲಿ ಸ್ನಿಗ್ಧತೆ, ಅಂದರೆ ಎಣ್ಣೆಯ ಗಟ್ಟಿತನ, ನೇರವಾಗಿ ಬರೋದೇ ಇಲ್ಲ. 10 ಡಿಗ್ರಿಯಿಂದ 90 ಡಿಗ್ರಿಗೆ ಹೋದರೂ ಎಣ್ಣೆಯ ಸಾಂದ್ರತೆ ಬದಲಾಗೋದು ಶೇಕಡಾ 5, 6 ಮಾತ್ರ. ಹಾಗಾದರೆ ಥಂಡಿ ಎಲ್ಲಿಂದ ಹೊಕ್ಕಿತು?

ಮೊದಲನೆಯದು ವೇಗದ ವರ್ಗ. ಬಿಸಿ ಎಂಜಿನ್ ಖಾಲಿ ನಿಂತಾಗ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. ಥಂಡಿ ಎಂಜಿನ್ನಿಗೆ ಇಂಧನ ಸರಿಯಾಗಿ ಆವಿಯಾಗೋದಿಲ್ಲ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಬೇಗ ಬಿಸಿಯಾಗಬೇಕು. ಅದಕ್ಕೆ ಕಂಪ್ಯೂಟರೇ 1200ಕ್ಕೆ ಏರಿಸುತ್ತದೆ. ವೇಗ ಒಂದೂವರೆ ಪಟ್ಟು ಆದರೆ ಟಾರ್ಕ್ ಎರಡೂಕಾಲು ಪಟ್ಟು! ಆ ಹೊತ್ತಿನಲ್ಲಿ ಡ್ರೈವ್‌ಗೆ ಹಾಕಿದರೆ ಗಾಡಿ ಜಗ್ಗೋದು ಇದಕ್ಕೇ.

ಎರಡನೆಯದು ಗೇರ್ ಬದಲಿಸುವ ಕೈಗಳು. ಗೇರ್‌ಬಾಕ್ಸಿನೊಳಗಿನ ಕ್ಲಚ್ಚುಗಳನ್ನು ಒತ್ತೋದೂ ಅದೇ ಎಣ್ಣೆ, ಬಹಳ ಸಣ್ಣ ದಾರಿಗಳಲ್ಲಿ ಹರಿದು. ಇಲ್ಲಿ ಸ್ನಿಗ್ಧತೆಯದೇ ರಾಜ್ಯ. ಸಾಮಾನ್ಯ ಗೇರ್‌ಬಾಕ್ಸ್ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್ಸ್, 40 ಡಿಗ್ರಿಯಲ್ಲಿ 30ರಿಂದ 35, 10 ಡಿಗ್ರಿಗೆ ಇಳಿದರೆ ನೂರು ದಾಟುತ್ತದೆ. ಭಾಲ್ಕಿ ಕಡೆ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡೋದನ್ನು ನೋಡಿದವರಿಗೆ ಬಿಸಿ ಪಾಕ ಹೇಗೆ ಓಡುತ್ತದೆ, ಆರಿದ ಪಾಕ ಹೇಗೆ ಎಳೆಯುತ್ತದೆ ಅಂತ ಗೊತ್ತು. ಕ್ಲಚ್ ತುಂಬೋದು ತಡ, ಗೇರ್ ಬೀಳೋದೂ ತಡ.

ಮೂರನೆಯದು ಬೇಕಂತಲೇ ಮಾಡಿದ್ದು. ಫೋಟಿಂಗರ್ ಕಾಲದ ಆ ನಷ್ಟ ತಪ್ಪಿಸಲು ಇಂದಿನ ಕನ್ವರ್ಟರುಗಳಲ್ಲಿ ಲಾಕ್‌ಅಪ್ ಕ್ಲಚ್ ಇರುತ್ತದೆ, ವೇಗ ಬಂದ ಮೇಲೆ ಪಂಪನ್ನೂ ಟರ್ಬೈನನ್ನೂ ಒಂದೇ ಮಾಡಿಬಿಡುತ್ತದೆ. ಎಣ್ಣೆ ಬಿಸಿಯಾಗೋವರೆಗೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಇದನ್ನು ಹಾಕೋದಿಲ್ಲ, ಮೇಲಿನ ಗೇರಿಗೂ ಬೇಗ ಹೋಗೋದಿಲ್ಲ. ಹೀಗಾಗಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗುತ್ತದೆ. ಜಾರುವಾಗ ಹೋದ ಶಕ್ತಿ ಎಣ್ಣೆಯನ್ನೇ ಬಿಸಿ ಮಾಡುತ್ತದೆ. ಹಡಗಿನಲ್ಲಿ ಬಾಯ್ಲರ್ ನೀರು ಕಾಯಿಸಿದ ನಷ್ಟವೇ ಇಲ್ಲಿಯೂ ಕೆಲಸಕ್ಕೆ ಬಂತು ನೋಡ್ರಿ.

ಅಂದಮೇಲೆ ಮಾಡಬೇಕಾದ್ದು ಇಷ್ಟು. ಚಾಲೂ ಮಾಡಿ ಕೂಗು ಸ್ವಲ್ಪ ಇಳಿಯೋವರೆಗೆ ತಡೆದು ಡ್ರೈವ್‌ಗೆ ಹಾಕೋದು. ನಿಂತಲ್ಲೇ ಬಹಳ ಹೊತ್ತು ಎಂಜಿನ್ ಓಡಿಸೋದು ಬೇಡ, ಮೊದಲ ಎರಡು ಮೂರು ಕಿಲೋಮೀಟರ್ ಮೆತ್ತಗೆ ಓಡಿಸಿದರೆ ಗೇರ್‌ಬಾಕ್ಸ್ ಬೇಗ ಬಿಸಿಯಾಗುತ್ತದೆ. ಬೀದರ್‌ನಿಂದ ಹೊರಟು ಅರ್ಧ ತಾಸಾದರೂ ಅದೇ ಲಕ್ಷಣ ಇದ್ದರೆ ಮಾತ್ರ ಚಿಂತೆ ಮಾಡಬೇಕು. ಆಗಲೂ ಗೇರ್‌ಬಾಕ್ಸ್ ಬಿಚ್ಚಿಸೋದಕ್ಕೆ ಮೊದಲು ಎಣ್ಣೆಯ ಮಟ್ಟ, ಥರ್ಮೋಸ್ಟಾಟ್, ತಾಪಮಾನದ ಸೆನ್ಸರ್ ನೋಡಿಸಿ. ಥರ್ಮೋಸ್ಟಾಟ್ ತೆರೆದೇ ಕೂತಿದ್ದರೆ ಎಂಜಿನ್ ಬಿಸಿಯೇ ಆಗೋದಿಲ್ಲ, ಕಂಪ್ಯೂಟರ್ ಇನ್ನೂ ಥಂಡಿ ಅಂತಲೇ ತಿಳಿದು ಲಾಕ್‌ಅಪ್ ಹಾಕೋದಿಲ್ಲ. ಒಂದು ಮಾತು ನೆನಪಿರಲಿ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಎಎಂಟಿ ಗಾಡಿಗಳಲ್ಲಿ ಕನ್ವರ್ಟರ್ ಇರೋದಿಲ್ಲ, ಸಾಮಾನ್ಯ ಕ್ಲಚ್ಚನ್ನೇ ಯಂತ್ರ ಒತ್ತುತ್ತದೆ. ಅಲ್ಲಿ ಈ ಲೆಕ್ಕ ಬೇರೆ.

ಪ್ರಾಜೆಕ್ಟ್ ರಿವ್ಯೂ ದಿನ ನಮ್ಮಲ್ಲಿ ಬಹಳ ಮಂದಿಯ ಕೆಲಸಕ್ಕೆ ಇದರ ಉಪಯೋಗ ಏನು ಅಂತ ಪ್ರಶ್ನೆ ಬೀಳುತ್ತದೆ. ಫೋಟಿಂಗರ್ ತಮ್ಮ ಯಂತ್ರದ ಉಪಯೋಗ ಹಡಗು ಅಂತ ಬರೆದಿದ್ದರು. ಹಡಗು ಅದನ್ನು ಬಿಟ್ಟಿತು. ಯಾರ ಯೋಚನೆಯಲ್ಲೂ ಇಲ್ಲದ ಔರಾದ್ ಹೊಲದ ಮಣ್ಣು ಗುಡ್ಡೆಗೆ ಅದು ಬಂದು ತಲುಪಿದೆ. ಲ್ಯಾಬಿನಲ್ಲಿ ಕತ್ತರಿಸಿ ಇಟ್ಟ ಕನ್ವರ್ಟರ್ ಇದ್ದರೆ ಈ ವಾರ ಹೋಗಿ ಸ್ಟೇಟರನ್ನು ಕೈಯಿಂದ ತಿರುಗಿಸಿ ನೋಡ್ರಿ. ಒಂದು ಕಡೆ ತಿರುಗುತ್ತದೆ, ಇನ್ನೊಂದು ಕಡೆ ತಿರುಗೋದಿಲ್ಲ. ಯಾಕೆ ಅಂತ ಈಗ ನಿಮಗೆ ಗೊತ್ತು.