ಒಂಟಿ ಅಲೆಯ ಅನ್ವೇಷಕ

ಕೆರೆಯ ನಿಶ್ಚಲವಾದ ನೀರಿಗೆ ಒಂದು ಕಲ್ಲನ್ನು ಎಸೆದರೆ ಅಲೆಗಳು ಬಳೆಬಳೆಯಾಗಿ ಎದ್ದು ಸುತ್ತಲೂ ಹರಡುತ್ತವೆ. ಒಂದರ ಹಿಂದೆ ಒಂದರಂತೆ ಸಾಗುವ ಆ ಬಳೆಗಳು ದೂರ ಹೋದಂತೆಲ್ಲ ತಗ್ಗುತ್ತ, ಕೊನೆಗೆ ನೀರಿನಲ್ಲಿಯೇ ಅಡಗಿಹೋಗುತ್ತವೆ. ಅಲೆಯ ಸ್ವಭಾವವೇ ಹೀಗೆಂದು ಜನರು ಬಹುಕಾಲ ತಿಳಿದಿದ್ದರು. ಹಿಂದೆ ಮುಂದೆ ಸಂಗಡಿಗರಿಲ್ಲದೆ ಒಂಟಿಯಾಗಿ ಹುಟ್ಟಿ, ತನ್ನ ಆಕಾರವನ್ನು ಬಿಟ್ಟುಕೊಡದೆ ಬಹುದೂರ ಸಾಗುವ ಅಲೆಯೂ ಉಂಟೆಂಬುದನ್ನು ಕಂಡು, ಅಳೆದು, ಜಗತ್ತಿಗೆ ಸಾರಿದವನು ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್.

ರಸೆಲ್ 1808ರ ಮೇ 9ರಂದು ಗ್ಲಾಸ್ಗೋ ನಗರದ ಸಮೀಪದ ಪಾರ್ಕ್‌ಹೆಡ್ ಎಂಬಲ್ಲಿ ಜನಿಸಿದನು. ತಂದೆ ಡೇವಿಡ್ ರಸೆಲ್ ಕ್ರೈಸ್ತ ಪಾದ್ರಿ. ಮಗನೂ ಅದೇ ವೃತ್ತಿಯನ್ನು ಹಿಡಿಯಲೆಂಬುದು ಅವನ ಬಯಕೆ. ಆದರೆ ಹುಡುಗನ ಮನಸ್ಸು ಯಂತ್ರಗಳತ್ತ ಒಲಿದಿತ್ತು; ತಂದೆಯೂ ಅದಕ್ಕೆ ಅಡ್ಡಬರಲಿಲ್ಲ. 1825ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪದವಿ ಪಡೆದಾಗ ರಸೆಲ್ಲನಿಗೆ ಹದಿನೇಳು ವರ್ಷಕ್ಕಿಂತ ಹೆಚ್ಚಾಗಿರಲಿಲ್ಲ. ಬಳಿಕ ಅವನು ಎಡಿನ್‌ಬರೋ ನಗರಕ್ಕೆ ಬಂದು ಗಣಿತವನ್ನೂ ವಿಜ್ಞಾನವನ್ನೂ ಬೋಧಿಸತೊಡಗಿದನು. 1832ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸರ್ ಜಾನ್ ಲೆಸ್ಲಿ ತೀರಿಕೊಂಡಾಗ, ಆ ಪೀಠಕ್ಕೆ ಬೇರೊಬ್ಬರು ಆಯ್ಕೆಯಾಗುವವರೆಗೆ ಪಾಠ ಹೇಳುವ ಹೊಣೆ ಇಪ್ಪತ್ತನಾಲ್ಕು ವರ್ಷದ ಈ ತರುಣನ ಪಾಲಿಗೆ ಬಂತು. ಅವನ ಉಪನ್ಯಾಸಗಳು ವಿದ್ಯಾರ್ಥಿಗಳಿಗೆ ಮೆಚ್ಚಿಕೆಯಾದವು. ಆದರೆ ಕಾಯಂ ಪೀಠ ಜೇಮ್ಸ್ ಫೋರ್ಬ್ಸ್ ಎಂಬ ವಿದ್ವಾಂಸನಿಗೆ ಸಂದಿತು.

ಆಗ ರಸ್ತೆಯ ಮೇಲೆ ಉಗಿಬಂಡಿಗಳನ್ನು ಓಡಿಸುವ ಸಾಹಸಕ್ಕೆ ರಸೆಲ್ ಕೈಹಾಕಿದನು. ಅವನು ರಚಿಸಿದ ಬಂಡಿಗಳು 1834ರಲ್ಲಿ ಗ್ಲಾಸ್ಗೋ ಮತ್ತು ಪೇಸ್ಲಿ ಪಟ್ಟಣಗಳ ನಡುವೆ ಪ್ರಯಾಣಿಕರನ್ನು ಹೊತ್ತು ಸಂಚರಿಸಿದವು. ಭಾರವಾದ ಬಂಡಿಗಳಿಂದ ರಸ್ತೆ ಹಾಳಾಗುತ್ತದೆಂದು ರಸ್ತೆಯ ಮೇಲ್ವಿಚಾರಕರು ವಿರೋಧಿಸಿದರು. ದಾರಿಯಲ್ಲಿ ಕಲ್ಲುರಾಶಿಗಳನ್ನು ಸುರಿಸಿದರು. ಆ ವರ್ಷದ ಜುಲೈ 29ರಂದು ಒಂದು ಬಂಡಿಯ ಚಕ್ರ ಮುರಿದು, ಉಗಿಯ ಬಾಯ್ಲರು ಸಿಡಿದು ಪ್ರಯಾಣಿಕರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಬಂಡಿಗಳ ಸಂಚಾರ ನಿಂತುಹೋಯಿತು. ಇಂತಹ ಆಘಾತದ ಮರುತಿಂಗಳಲ್ಲಿಯೇ ರಸೆಲ್ಲನ ಹೆಸರನ್ನು ಚಿರಸ್ಥಾಯಿಗೊಳಿಸಿದ ಘಟನೆ ನಡೆಯಿತು.

ಎಡಿನ್‌ಬರೋ ನಗರದಿಂದ ಪಶ್ಚಿಮಕ್ಕೆ ಹರಿಯುವ ಯೂನಿಯನ್ ಕಾಲುವೆಯಲ್ಲಿ ಆಗ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ದಂಡೆಯ ಹಾದಿಯಲ್ಲಿ ಕುದುರೆ ಓಡಿದರೆ ಅದಕ್ಕೆ ಹಗ್ಗದಿಂದ ಕಟ್ಟಿದ ದೋಣಿ ನೀರಿನಲ್ಲಿ ಸಾಗುತ್ತಿತ್ತು. ಕುದುರೆಯ ಬದಲು ಉಗಿಯಂತ್ರವನ್ನು ಬಳಸಲು ಸಾಧ್ಯವೇ ಎಂಬುದನ್ನು ಪರೀಕ್ಷಿಸುವ ಕೆಲಸವನ್ನು ಕಾಲುವೆಯ ಒಡೆಯರು ರಸೆಲ್ಲನಿಗೆ ಒಪ್ಪಿಸಿದ್ದರು. ದೋಣಿಯ ವೇಗ ಹೆಚ್ಚಿದಂತೆ ನೀರು ಅದನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದು ಅವನ ಶೋಧನೆಯ ವಿಷಯವಾಗಿತ್ತು.

1834ರ ಆಗಸ್ಟ್ ತಿಂಗಳ ಒಂದು ದಿನ ಜೋಡಿ ಕುದುರೆಗಳು ವೇಗವಾಗಿ ಎಳೆಯುತ್ತಿದ್ದ ದೋಣಿ ಥಟ್ಟನೆ ನಿಂತಿತು. ಆದರೆ ದೋಣಿ ಚಲನೆಗೆ ತಂದಿದ್ದ ನೀರು ಅದರೊಡನೆ ನಿಲ್ಲಲಿಲ್ಲ. ಅದು ದೋಣಿಯ ಮುಂತುದಿಯಲ್ಲಿ ಒತ್ತಾಗಿ ಸೇರಿ ಕುದಿದಂತೆ ಅಲುಗಾಡಿ, ಮರುಕ್ಷಣವೇ ನುಣುಪಾದ ಒಂದೇ ಒಂದು ದಿಬ್ಬವಾಗಿ ರೂಪುಗೊಂಡು ಮುಂದಕ್ಕೆ ಹೊರಟಿತು. ಸುಮಾರು ಮೂವತ್ತು ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರದ ಆ ಜಲರಾಶಿ ಗಂಟೆಗೆ ಎಂಟು ಒಂಬತ್ತು ಮೈಲಿ ವೇಗದಲ್ಲಿ ಕಾಲುವೆಗುಂಟ ಉರುಳತೊಡಗಿತು. ರಸೆಲ್ ತನ್ನ ಕುದುರೆಯನ್ನು ಅದರ ಬೆನ್ನಿಗೆ ಬಿಟ್ಟನು. ಅಲೆಯ ಎತ್ತರ ಮೆಲ್ಲಮೆಲ್ಲನೆ ಕುಗ್ಗಿತಾದರೂ ಆಕಾರ ಕೆಡಲಿಲ್ಲ. ಒಂದೆರಡು ಮೈಲಿ ಹಿಂಬಾಲಿಸಿದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಅವನ ಕಣ್ಣಿಗೆ ಮರೆಯಾಯಿತು.

ಕಾಲುವೆಯ ದಂಡೆಯಲ್ಲಿ ದಿನವೂ ಓಡಾಡುತ್ತಿದ್ದವರ ಕಣ್ಣಿಗೂ ಇಂತಹ ಅಲೆಗಳು ಬಿದ್ದಿದ್ದಿರಬಹುದು. ಆದರೆ ರಸೆಲ್ಲನಿಗೆ ಅದು ಉತ್ತರವನ್ನು ಬೇಡುವ ಒಂದು ಪ್ರಶ್ನೆಯಾಗಿ ತೋರಿತು. ಅವನು ತನ್ನ ಮನೆಯ ತೋಟದಲ್ಲಿ ನೀರಿನ ಉದ್ದನೆಯ ತೊಟ್ಟಿಯನ್ನು ಕಟ್ಟಿಸಿದನು. ತೊಟ್ಟಿಯ ಒಂದು ತುದಿಯಲ್ಲಿ ಭಾರವನ್ನು ಇಳಿಬಿಟ್ಟೋ ತಡೆಹಲಗೆಯ ಹಿಂದೆ ನಿಲ್ಲಿಸಿದ ನೀರನ್ನು ಹರಿಯಬಿಟ್ಟೋ ಅದೇ ಬಗೆಯ ಅಲೆಗಳನ್ನು ಎಬ್ಬಿಸಿದನು. ನೀರಿನ ಆಳ, ಅಲೆಯ ಎತ್ತರ, ಸಾಗಿದ ದೂರ, ತೆಗೆದುಕೊಂಡ ಕಾಲ ಇವೆಲ್ಲವನ್ನೂ ಮತ್ತೆ ಮತ್ತೆ ಅಳೆದನು. ಅದರಿಂದ ಒಂದು ನಿಯಮ ಹೊರಬಿತ್ತು. ನೀರಿನ ಆಳಕ್ಕೆ ಅಲೆಯ ಎತ್ತರವನ್ನು ಕೂಡಿಸಿ, ಆ ಮೊತ್ತವನ್ನು ಭೂಮಿಯ ಗುರುತ್ವವೇಗೋತ್ಕರ್ಷದಿಂದ ಗುಣಿಸಿದರೆ ಬರುವುದು ಅಲೆಯ ವೇಗದ ವರ್ಗ. ಆದುದರಿಂದ ಎತ್ತರವಾದ ಅಲೆ ಗಿಡ್ಡ ಅಲೆಗಿಂತ ಬೇಗ ಓಡುತ್ತದೆ. ಒಮ್ಮೆಗೇ ಹೆಚ್ಚು ನೀರನ್ನು ಬಿಟ್ಟರೆ ಅದು ಒಡೆದು ಎರಡು ಅಲೆಗಳಾಗುತ್ತದೆ. ಎತ್ತರವಾದುದು ಮುಂದೆ, ಗಿಡ್ಡದು ಹಿಂದೆ. ಎದುರುಬದುರಾಗಿ ಬಂದ ಎರಡು ಅಲೆಗಳು ಒಂದನ್ನೊಂದು ಹಾದು, ಏನೂ ಆಗದವರಂತೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ನೀರಿನ ಕಣಗಳನ್ನೇ ಮುಂದಕ್ಕೆ ಸರಿಸುತ್ತ ಹೋಗುವುದರಿಂದ ಇದಕ್ಕೆ ಅವನು ಸ್ಥಾನಾಂತರದ ಅಲೆ ಎಂಬರ್ಥದ ಹೆಸರಿಟ್ಟನು. ಅಲೆಗಳನ್ನು ಕುರಿತ ಅವನ ದೀರ್ಘವಾದ ವರದಿ 1844ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಮುಂದೆ ಮಂಡಿತವಾಯಿತು.

ಪಂಡಿತರು ಈ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿ 1845ರಲ್ಲಿ ತನ್ನ ಗಣಿತದ ಆಧಾರದ ಮೇಲೆ ಇದನ್ನು ವಿರೋಧಿಸಿದನು. ಆಳವಿಲ್ಲದ ನೀರಿನಲ್ಲಿ ಅಲೆಯ ಶಿಖರ ಬುಡಕ್ಕಿಂತ ಬೇಗ ಓಡುವುದರಿಂದ ಮುಂಭಾಗ ಕಡಿದಾಗುತ್ತ ಹೋಗಲೇಬೇಕು. ಆಕಾರ ಕೆಡದೆ ಉಳಿಯುವುದು ಅಸಾಧ್ಯವೆಂಬುದು ಅವನ ವಾದ. ಗಣಿತದಲ್ಲಿ ಮಹಾಮೇಧಾವಿಯಾದ ಜಾರ್ಜ್ ಸ್ಟೋಕ್ಸ್ ಸಹ ಮೊದಲು ಸಂದೇಹವನ್ನೇ ತೋರಿದನು. ರಸೆಲ್ಲನ ಬಳಿ ಅವರಿಗೆ ಸರಿಸಾಟಿಯಾದ ಗಣಿತವಿರಲಿಲ್ಲ. ಇದ್ದುದು ಅಳತೆಯ ಅಂಕಿಗಳು ಮಾತ್ರ. ಅವನು ಆ ಅಂಕಿಗಳನ್ನು ನಂಬಿದನು, ಕೊನೆಯವರೆಗೂ ಕೈಬಿಡಲಿಲ್ಲ.

ಅಲೆಗಳ ಅಭ್ಯಾಸದಿಂದಲೇ ರಸೆಲ್ ಹಡಗುಗಳ ನಿರ್ಮಾಣಕ್ಕೆ ತಿರುಗಿದನು. ಹಡಗಿನ ಒಡಲು ಅಲೆಯ ಬಾಗನ್ನು ಅನುಸರಿಸಿದ್ದರೆ ನೀರಿನ ತಡೆ ಕಡಿಮೆಯಾಗುತ್ತದೆಂಬುದು ಅವನ ಸಿದ್ಧಾಂತ. 1844ರಲ್ಲಿ ಲಂಡನ್ನಿಗೆ ಹೋಗಿ ನೆಲೆಸಿದ ಅವನು 1849ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಥೇಮ್ಸ್ ನದಿಯ ದಡದ ಮಿಲ್‌ವಾಲಿನಲ್ಲಿದ್ದ ಅವನ ಕಾರ್ಖಾನೆಯಲ್ಲಿಯೇ, ಪ್ರಸಿದ್ಧ ಎಂಜಿನಿಯರ್ ಬ್ರೂನೆಲ್ಲನ ಕಲ್ಪನೆಯ ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆ ರೂಪು ತಳೆಯಿತು. 692 ಅಡಿ ಉದ್ದದ ಅದಕ್ಕೆ ಸಾಟಿಯಾದ ಹಡಗು ಅಂದು ಲೋಕದಲ್ಲಿ ಬೇರೊಂದಿರಲಿಲ್ಲ. ಆದರೆ ಆ ಕೆಲಸ ರಸೆಲ್ಲನಿಗೆ ಸುಖ ತರಲಿಲ್ಲ. ಖರ್ಚು ಲೆಕ್ಕ ಮೀರಿತು. ಬ್ರೂನೆಲ್ಲನೊಡನೆ ಮನಸ್ತಾಪ ಬೆಳೆಯಿತು. 1856ರಲ್ಲಿ ಕಾರ್ಖಾನೆ ಸಾಲಗಾರರ ಕೈಗೆ ಸಿಕ್ಕಿತು. ಹಡಗು ನೀರಿಗಿಳಿದದ್ದು 1858ರ ಜನವರಿ 31ರಂದು. ಪ್ರಯಾಣಿಕರ ಹಡಗಾಗಿ ಅದು ನಷ್ಟವನ್ನೇ ತಂದಿತಾದರೂ ಸಮುದ್ರದ ತಳದಲ್ಲಿ ತಂತಿಗಳನ್ನು ಹಾಸಲು ಬಹಳ ಉಪಯುಕ್ತವಾಯಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿಯೂ 1870ರಲ್ಲಿ ಮುಂಬಯಿ ಮತ್ತು ಏಡನ್ ನಡುವೆಯೂ ತಂತಿ ಹಾಸಿದ್ದು ಇದೇ ಹಡಗು.

ರಸೆಲ್ಲನ ಬಾಳಿನ ಸಂಜೆಯಲ್ಲಿ ಅವನ ಅಲೆಗೆ ಮೊದಲ ಬೆಂಬಲ ದೊರೆಯಿತು. 1871ರಲ್ಲಿ ಫ್ರಾನ್ಸಿನ ಬೂಸಿನೆಸ್ಕ್, 1876ರಲ್ಲಿ ಇಂಗ್ಲೆಂಡಿನ ರ‍್ಯಾಲೆ, ಇಂತಹ ಅಲೆ ಗಣಿತಕ್ಕೆ ವಿರುದ್ಧವಲ್ಲವೆಂದು ತೋರಿಸಿಕೊಟ್ಟರು. 1882ರ ಜೂನ್ 8ರಂದು ರಸೆಲ್ ವೈಟ್ ದ್ವೀಪದ ವೆಂಟ್ನರ್ ಎಂಬಲ್ಲಿ ಕಣ್ಮುಚ್ಚಿದನು. 1895ರಲ್ಲಿ ಹಾಲೆಂಡಿನ ಕೋರ್ಟೆವೆಗ್ ಮತ್ತು ಅವನ ಶಿಷ್ಯ ಡಿ ವ್ರೀಸ್ ಪ್ರಕಟಿಸಿದ ಸಮೀಕರಣ ಈ ಒಗಟನ್ನು ಬಿಡಿಸಿತು. ಅಲೆಯಲ್ಲಿ ಎರಡು ಪ್ರವೃತ್ತಿಗಳಿವೆ. ಎತ್ತರದ ಭಾಗ ಬೇಗ ಓಡಿ ಅಲೆಯನ್ನು ಕಡಿದಾಗಿಸಲು ನೋಡುತ್ತದೆ. ಏರಿ ಗಮನಿಸಿದ್ದು ಇದನ್ನೇ. ಆದರೆ ಅಲೆಯೊಳಗಿನ ಬೇರೆ ಬೇರೆ ಉದ್ದದ ತರಂಗಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಅದನ್ನು ಚದರಿಸಲೂ ನೋಡುತ್ತವೆ. ಇವೆರಡೂ ಸಮತೂಗಿದಾಗ ಅಲೆ ಒಡೆಯುವುದೂ ಇಲ್ಲ, ಚದರುವುದೂ ಇಲ್ಲ. ಒಂಟಿ ಅಲೆಯಾಗಿ ಬಾಳುತ್ತದೆ.

ಎಪ್ಪತ್ತು ವರ್ಷಗಳ ತರುವಾಯ, 1965ರಲ್ಲಿ, ಅಮೆರಿಕದ ಜಬುಸ್ಕಿ ಮತ್ತು ಕ್ರುಸ್ಕಲ್ ಎಂಬ ವಿಜ್ಞಾನಿಗಳು ಈ ಸಮೀಕರಣವನ್ನು ಗಣಕಯಂತ್ರದಿಂದ ಬಿಡಿಸಿ ನೋಡಿದರು. ಒಂಟಿ ಅಲೆಗಳು ಪರಸ್ಪರ ಹಾದುಹೋದ ಮೇಲೂ ಕಣಗಳಂತೆ ತಮ್ಮತನವನ್ನು ಉಳಿಸಿಕೊಳ್ಳುವುದನ್ನು ಕಂಡು ಅವುಗಳಿಗೆ ಸಾಲಿಟಾನ್ ಎಂದು ಹೆಸರಿಟ್ಟರು. ರಸೆಲ್ ತನ್ನ ತೋಟದ ತೊಟ್ಟಿಯಲ್ಲಿ ಕಂಡಿದ್ದ ಗುಣವೇ ಅದು. ನೀರಿನಲ್ಲಿ ಮಾತ್ರವಲ್ಲ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳಲ್ಲಿ ಸಾಗುವ ಬೆಳಕಿನಲ್ಲಿಯೂ ಸಾಲಿಟಾನುಗಳನ್ನು ಉಂಟುಮಾಡಬಹುದೆಂದು 1980ರ ಪ್ರಯೋಗ ತೋರಿಸಿತು. 1988ರಲ್ಲಿ ಅಂತಹ ಬೆಳಕಿನ ಮಿಡಿತಗಳು ಆಕಾರ ಕೆಡದೆ 4000 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿದವು. ಸಾಗರದಾಚೆಗೆ ಸುದ್ದಿ ಮುಟ್ಟಿಸುವ ತಂತಿಗಳನ್ನು ರಸೆಲ್ಲನ ಹಡಗು ಹಾಸಿತ್ತು. ಅವನ ಅಲೆಯೂ ಅದೇ ಕಾರ್ಯಕ್ಕೆ ಸಾಧನವಾಗುವ ಯೋಗ್ಯತೆಯನ್ನು ಹೀಗೆ ತೋರಿತು.

1995ರ ಜುಲೈ 12ರಂದು ಹಲವು ದೇಶಗಳ ವಿಜ್ಞಾನಿಗಳು ಎಡಿನ್‌ಬರೋ ಬಳಿಯ ಅದೇ ಯೂನಿಯನ್ ಕಾಲುವೆಯ ದಂಡೆಯಲ್ಲಿ ಸೇರಿದರು. ಕಾಲುವೆಯನ್ನು ಹೆದ್ದಾರಿಯ ಮೇಲೆ ದಾಟಿಸುವ ಮೇಲ್ಗಾಲುವೆಗೆ ಸ್ಕಾಟ್ ರಸೆಲ್ಲನ ಹೆಸರನ್ನಿಟ್ಟು, ದೋಣಿಯನ್ನು ಓಡಿಸಿ ನಿಲ್ಲಿಸಿ, ಅವನು ಕಂಡಂತಹ ಅಲೆಯನ್ನು ಮರಳಿ ಎಬ್ಬಿಸಿದರು.

ಅಧಿಕಾರ, ಪೀಠ, ಸಂಪತ್ತುಗಳು ರಸೆಲ್ಲನ ಕೈಯಲ್ಲಿ ನಿಲ್ಲಲಿಲ್ಲ. ದೊಡ್ಡವರ ಮಾತಿಗೆ ಅಂಜಿ ಅವನು ತನ್ನ ಅಳತೆಗಳನ್ನು ಬಚ್ಚಿಟ್ಟಿದ್ದರೆ ಆ ಅಲೆ ಕಾಲುವೆಯ ತಿರುವಿನಲ್ಲಿಯೇ ಕಳೆದುಹೋಗುತ್ತಿತ್ತು. ಕಣ್ಣಾರೆ ಕಂಡು ಶ್ರದ್ಧೆಯಿಂದ ಅಳೆದ ಸತ್ಯಕ್ಕೆ ವಿವರಣೆ ತಡವಾಗಿ ಬರಬಹುದು. ಅದು ಬರುವವರೆಗೆ ಆ ಸತ್ಯವನ್ನು ಕಾಯ್ದುಕೊಂಡಿರುವುದೂ ವಿಜ್ಞಾನಿಯ ಧರ್ಮವೇ ಎಂಬುದಕ್ಕೆ ಸ್ಕಾಟ್ ರಸೆಲ್ಲನ ಜೀವನ ಸಾಕ್ಷಿಯಾಗಿದೆ.