ಜಗದೀಶಚಂದ್ರ ಬೋಸರು ಮತ್ತು ನಮ್ಮ ತಾತನ ರೇಡಿಯೋ

ಈ ಸಲ ಗೋಡೆ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆಯಿರಿ ಅಂತ ವಿಜ್ಞಾನದ ಮೇಷ್ಟ್ರು ಹೇಳಿದರು. ನಾನು ಜಗದೀಶಚಂದ್ರ ಬೋಸರನ್ನು ಆರಿಸಿಕೊಂಡೆ. ಇದಕ್ಕೆ ಕಾರಣ ನಾನು ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ತಾತನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅವರಿಗೆ ರೇಡಿಯೋನೇ ಪೇಪರು. ಒಂದು ವರ್ಷ ಆಲೂಗಡ್ಡೆಗೆ ಒಳ್ಳೆ ರೇಟು ಸಿಕ್ಕಿದಾಗ ಕೊಂಡಿದ್ದಂತೆ. ದಸರಾ ರಜೆಯಲ್ಲಿ ಸೆಲ್ಲು ಮುಗಿದು ಹೋಯಿತು. ನಾನು ಜಾಣತನ ಮಾಡಲು ಹೋಗಿ ಒಂದು ಹಳೇ ಬ್ಯಾಟರಿಯ ವೈರು ಕೊಟ್ಟೆ. ಕೆಂಪು ವೈರು ಇರಬೇಕಾದ ಕಡೆ ಕರಿ ವೈರು ಕೊಟ್ಟಿದ್ದೆ. ಟಪ್ ಅಂತ ಶಬ್ದ ಬಂತು, ಹೊಗೆ ಬಂತು, ರೇಡಿಯೋ ನಿಂತು ಹೋಯಿತು. ತಾತ ಬೈಯಲಿಲ್ಲ. ಆದರೆ ನಾಲ್ಕು ದಿನ ನನ್ನ ಹತ್ತಿರ ಮಾತೂ ಆಡಲಿಲ್ಲ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಹೊಳೆನರಸೀಪುರದಲ್ಲಿ ರಿಪೇರಿಯವರು ಬಿಚ್ಚಿ ನೋಡಿ, ಜೀರಿಗೆ ಪೆಪ್ಪರಮೆಂಟಿನಷ್ಟು ಚಿಕ್ಕ ಕಪ್ಪು ವಸ್ತು ತೋರಿಸಿದರು. ಅದರ ಒಂದು ತುದಿಯಲ್ಲಿ ಬಿಳಿ ಗೆರೆ ಇತ್ತು. ಅದು ಡಯೋಡು. ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ, ಸೈಕಲ್ ಟ್ಯೂಬಿನ ವಾಲ್ವು ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ಹಾಗೆ. ವೈರು ಸರಿಯಾಗಿದ್ದರೆ ಅದು ಸುಮ್ಮನೆ ಕೂತಿರುತ್ತದೆ. ಉಲ್ಟಾ ಕೊಟ್ಟರೆ ಆ ಕರೆಂಟನ್ನೆಲ್ಲ ತನ್ನ ಮೂಲಕವೇ ಹರಿಸಿಕೊಂಡು ಉಳಿದದ್ದನ್ನು ಕಾಯುತ್ತದೆ. ನಾನು ಕೊಟ್ಟ ಕರೆಂಟು ಜಾಸ್ತಿಯಾಗಿ ಅದು ಸುಟ್ಟುಹೋಗಿತ್ತು. ಒಂದೇ ಕಡೆಗೆ ಹೋಗು ಅಂತ ಕರೆಂಟಿಗೆ ಹೇಳುವ ಇಂಥ ವಸ್ತು ಎಲ್ಲಿಂದ ಬಂತು ಅಂತ ಮೇಷ್ಟ್ರನ್ನು ಕೇಳಿದಾಗ ಅವರು ಬೋಸರ ಹೆಸರು ಹೇಳಿದರು.

ಬೋಸರು 1858ನೇ ನವೆಂಬರ್ 30ರಂದು ಬಂಗಾಳದ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಭಗವಾನ್ ಚಂದ್ರ ಬೋಸರು ಸರ್ಕಾರದ ದೊಡ್ಡ ಅಧಿಕಾರಿ. ಆದರೂ ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕದೆ ಬಂಗಾಳಿ ಶಾಲೆಗೆ ಹಾಕಿದರು. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರು ಬೆಸ್ತರ ಹುಡುಗ ಮತ್ತು ಮನೆಯ ಜವಾನನ ಮಗ. ಇದನ್ನು ಓದಿ ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ನಾವೂ ಕನ್ನಡ ಶಾಲೆಯವರು.

ಆಮೇಲೆ ಕಲ್ಕತ್ತೆಯಲ್ಲಿ ಓದಿ, ಡಾಕ್ಟರಾಗಲು ಲಂಡನ್ನಿಗೆ ಹೋದರು. ಮೈಗೆ ಹುಷಾರಿಲ್ಲದೆ ಅದನ್ನು ಬಿಟ್ಟು ಕೇಂಬ್ರಿಡ್ಜಿನಲ್ಲಿ ವಿಜ್ಞಾನ ಓದಿದರು. 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು. ಬ್ರಿಟಿಷ್ ಮೇಷ್ಟ್ರುಗಳಿಗೆ ಒಂದು ಸಂಬಳ, ಭಾರತೀಯರಿಗೆ ಅದಕ್ಕಿಂತ ಕಡಿಮೆ. ಬೋಸರು ಜಗಳ ಆಡಲಿಲ್ಲ, ಪಾಠವನ್ನೂ ಬಿಡಲಿಲ್ಲ, ಸಂಬಳವನ್ನೇ ಮುಟ್ಟಲಿಲ್ಲ! ಮೂರು ವರ್ಷ ಹೀಗೇ ಮಾಡಿದರು. ಮನೆಯಲ್ಲಿ ತಂದೆಯ ಸಾಲ ಬೇರೆ ಇತ್ತು. ಕೊನೆಗೆ ಪೂರ್ತಿ ಸಂಬಳವನ್ನು ಹಿಂದಿನ ಬಾಕಿ ಸಮೇತ ಕೊಡಬೇಕಾಯಿತು.

ಅವರಿಗೆ ಸರಿಯಾದ ಪ್ರಯೋಗಶಾಲೆ ಇರಲಿಲ್ಲ. ಒಂದು ಚಿಕ್ಕ ಕೋಣೆ, ಜೊತೆಗೆ ಒಬ್ಬ ತಗಡಿನ ಕೆಲಸದವನು, ಅಷ್ಟೆ. ರೈಲ್ವೆ ಟೈಂಟೇಬಲ್ ಪುಸ್ತಕದ ಹಾಳೆಗಳ ನಡುವೆ ತಗಡಿನ ಕಾಗದ ಇಟ್ಟು ಅದನ್ನೇ ಪ್ರಯೋಗಕ್ಕೆ ಬಳಸಿದರು. ಹೊಸೆದ ಸೆಣಬನ್ನೂ ಬಳಸಿದರು. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಜನರ ಮುಂದೆ, ವೈರೇ ಇಲ್ಲದೆ, ಗೋಡೆಯ ಆಚೆ ಗಂಟೆ ಬಾರಿಸಿ ಮದ್ದು ಸಿಡಿಸಿ ತೋರಿಸಿದರು. ಅವರು ಹೊರಡಿಸಿದ ಅಲೆಗಳ ಉದ್ದ ಕೆಲವು ಮಿಲಿಮೀಟರ್ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕಾಲದಲ್ಲಿ ಅಲೆ ಬಂತೋ ಇಲ್ಲವೋ ತಿಳಿಯಲು ಕೊಹೀರರ್ ಎಂಬ ಸಾಧನ ಇತ್ತು. ಗಾಜಿನ ಕೊಳವೆಯಲ್ಲಿ ಲೋಹದ ಪುಡಿ ತುಂಬಿರುತ್ತಾರೆ. ಸುಮ್ಮನಿದ್ದಾಗ ಪುಡಿ ಕರೆಂಟನ್ನು ಬಿಡುವುದಿಲ್ಲ. ಅಲೆ ಬಿದ್ದ ಕೂಡಲೇ ಪುಡಿಯೆಲ್ಲ ಕಚ್ಚಿಕೊಂಡು ಕರೆಂಟು ಹರಿಯುತ್ತದೆ. ಆದರೆ ಅಲೆ ನಿಂತರೂ ಅದು ಹಂಗೇ ಇರುತ್ತದೆ. ಬೆರಳಲ್ಲಿ ತಟ್ಟಿದರೆ ಮಾತ್ರ ಮೊದಲಿನ ಹಾಗೆ ಆಗುತ್ತದೆ. ಬಂಗಾಳದ ಸೆಕೆಗೆ ಅದು ಬೇಗ ಕೆಡುತ್ತಲೂ ಇತ್ತು.

ತಟ್ಟದೇ ತಾನಾಗಿ ವಾಪಸ್ ಬರುವ ವಸ್ತು ಬೇಕು ಅಂತ ಬೋಸರು ಒಂದೊಂದೇ ಲೋಹ ತೆಗೆದುಕೊಂಡು ಪರೀಕ್ಷೆ ಮಾಡಿದರು. ಹೆಚ್ಚಿನವು ಅಲೆ ಬಿದ್ದಾಗ ಕರೆಂಟನ್ನು ಜಾಸ್ತಿ ಬಿಟ್ಟವು. ಪೊಟ್ಯಾಸಿಯಂ ಮಾತ್ರ ಉಲ್ಟಾ, ಕರೆಂಟನ್ನು ಕಡಿಮೆ ಮಾಡಿ, ಅಲೆ ನಿಂತ ಮೇಲೆ ತಾನೇ ಮೊದಲಿನ ಸ್ಥಿತಿಗೆ ಬಂತು! ಕಬ್ಬಿಣ ಮತ್ತು ಪಾದರಸ ಸೇರಿಸಿದ, ತಾನೇ ಸರಿಹೋಗುವ ಕೊಹೀರರ್ ಬಗ್ಗೆ 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳಿಸಿದರು. ಒಂದೇ ವಸ್ತುವಿನ ಮೇಲೆ ಮತ್ತೆ ಮತ್ತೆ ಅಲೆ ಹಾಯಿಸಿದರೆ ಅದು ನಮ್ಮ ಹಾಗೇ ದಣಿಯುತ್ತದೆ, ಬಿಟ್ಟರೆ ಸುಧಾರಿಸಿಕೊಳ್ಳುತ್ತದೆ ಅಂತಲೂ ಕಂಡರು. ಇದನ್ನು ಕೆಲವು ವಿಜ್ಞಾನಿಗಳು ಒಪ್ಪಲಿಲ್ಲ.

ಗೆಲೀನಾ ಎಂಬುದು ಸೀಸದ ಅದಿರು, ಹೊಳೆಯುವ ಬೂದು ಹರಳು. ಅದು ಕರೆಂಟನ್ನು ಒಂದು ಕಡೆಗೆ ಚೆನ್ನಾಗಿ, ಇನ್ನೊಂದು ಕಡೆಗೆ ಸ್ವಲ್ಪವೇ ಬಿಡುತ್ತದೆ ಅಂತ 1874ರಲ್ಲೇ ಜರ್ಮನಿಯ ಬ್ರೌನ್ ಕಂಡುಹಿಡಿದಿದ್ದರು. ಬೋಸರು ಆ ಹರಳಿನಿಂದ ಅಲೆಗಳನ್ನು ಹಿಡಿದರು. ಗೆಳೆಯರ ಒತ್ತಾಯಕ್ಕೆ 1901ರಲ್ಲಿ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1904ರಲ್ಲಿ ಸಿಕ್ಕಿತು. ಅರೆವಾಹಕ ಸಾಧನಕ್ಕೆ ಸಿಕ್ಕ ಮೊದಲನೇ ಪೇಟೆಂಟು ಅದೇ ಅನ್ನುತ್ತಾರೆ. ಅದರಿಂದ ಅವರು ದುಡ್ಡು ಮಾಡಲಿಲ್ಲ. 1909ರಲ್ಲಿ ರೇಡಿಯೋ ಕೆಲಸಕ್ಕೆ ನೊಬೆಲ್ ಬಂದದ್ದು ಮಾರ್ಕೋನಿ ಮತ್ತು ಬ್ರೌನರಿಗೆ. ನನಗಂತೂ ಬೇಜಾರಾಯಿತು. ಅಷ್ಟರಲ್ಲಿ ಬೋಸರು ಗಿಡಗಳ ಕಡೆ ತಿರುಗಿದ್ದರು. ಆ ಕಥೆ ನಮ್ಮ ಪಾಠದಲ್ಲೇ ಇದೆ, ಅದಕ್ಕೆ ಇಲ್ಲಿ ಬರೆಯುವುದಿಲ್ಲ.

1917ರಲ್ಲಿ ಅವರು ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನ ಮಂದಿರ ಕಟ್ಟಿದರು. 1935ರಲ್ಲಿ ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದರು. ಅದಾಗಿ ಎರಡು ವರ್ಷಕ್ಕೆ, 1937ನೇ ನವೆಂಬರ್ 23ರಂದು, ಗಿರಿಡೀಹ್‌ನಲ್ಲಿ ಬೋಸರು ತೀರಿಕೊಂಡರು.

ಕರೆಂಟು ಉಲ್ಟಾ ಹೋಗುವುದು ಯಾವಾಗಲೂ ಕೆಟ್ಟದ್ದಲ್ಲವಂತೆ. ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ರೇಕು ಹಿಡಿದಾಗ ಮೋಟಾರಿನಿಂದ ಕರೆಂಟು ಬ್ಯಾಟರಿಗೆ ವಾಪಸ್ ಬರುವ ಹಾಗೆ ಮಾಡುತ್ತಾರೆ, ಅದಕ್ಕೆ ಸ್ವಿಚ್ಚಿನ ಪಕ್ಕದಲ್ಲೇ ಡಯೋಡಿನ ದಾರಿ ಇರುತ್ತದೆ ಅಂತ ಮೇಷ್ಟ್ರು ಹೇಳಿದರು. ಹಾಗಾದರೆ ನಮ್ಮ ಡಯೋಡು ಬೋಸರ ಪೊಟ್ಯಾಸಿಯಂ ಹಾಗೆ ಯಾಕೆ ಸುಧಾರಿಸಿಕೊಳ್ಳಲಿಲ್ಲ ಅಂತ ಕೇಳಿದೆ. ತಡೆಯುವಷ್ಟು ಕೊಟ್ಟರೆ ವಾಪಸ್ ಬರುತ್ತದೆ, ಮಿತಿ ಮೀರಿದರೆ ಒಳಗೆ ಕರಗಿಹೋಗುತ್ತದೆ, ಆಮೇಲೆ ತಟ್ಟಿದರೂ ಬರಲ್ಲ ಅಂದರು.

ಹೊಸ ಡಯೋಡು ಹಾಕಿಸಿದೆವು. ತಾತ ಹಾಸನ ಸ್ಟೇಷನ್ ತಿರುಗಿಸಿ, ಜೋರಾಗಿ ಇಡು ಅಂತ ನನಗೇ ಹೇಳಿದರು. ಸುಟ್ಟ ಡಯೋಡನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ಬಿಳಿ ಗೆರೆ ಬಲಗಡೆ ಇದೆ, ನೋಡಿ. ದಯವಿಟ್ಟು ಯಾರೂ ಕೀಳಬೇಡಿ.